ಅಳದ ಕೂಸಿಗೆ ನಾಲ್ಕು ಸೇರು

ಕೂಸು ನೋಡಿಕೊಳ್ಳಲು ಉಗರಗೋಳದಿಂದ ಸವದತ್ತಿಯ ನಮ್ಮ ಮನೆಗೆ ನಡೆದು ಬಂದ ಆಕೆ ಬಂದೊಡನೆ ಕೂಲಿಯ ಮಾತೆತ್ತಲಿಲ್ಲ. ‘ಮೊದಲ ಕೂಸು ಕೊಡ್ರಿ’ ಎಂದು ಎಡಗೈ ಚಾಚಿದಳು. ಹತ್ತಾರು ಮನೆಗಳ ಕೂಸುಗಳಿಗೆ ನೀರೆರೆದು, ಆಡಿಸಿ ಬೆಳೆಸಿದ ಕೈ ಅದು. ನನ್ನ ಮಗಳ ಎಂಟು ದಿನದ ಕೂಸನ್ನು ಆ ಕೈಯ ಮೇಲೆ ಮಲಗಿಸಿಕೊಂಡು, ತೂಕ ನೋಡುವವಳಂತೆ ಎರಡು ಸಲ ಎತ್ತಿ ಇಳಿಸಿದಳು.

‘ವಾರಕ್ಕ ನಾಕ್ ಸೇರು ಜೋಳ ಆಗತೈತ್ರಿ, ಅಜ್ಜಾರ.’

ನನ್ನನ್ನು ಅಜ್ಜ ಎಂದು ಮೊದಲು ಕರೆದವಳು ಆಕೆಯೇ. ಹಿಗ್ಗಿನಲ್ಲಿ ಒಪ್ಪಿಯೇಬಿಡುತ್ತಿದ್ದೆ. ಆದರೂ ಚೌಕಾಸಿ ಬಿಡಲಿಲ್ಲ.

‘ಊರಾಗೆಲ್ಲಾ ಎರಡ್ ಸೇರು ನಡದೈತಿ. ಇದು ನೋಡಿದ್ರ ಗುಬ್ಬಿಯಷ್ಟ ಐತಿ. ಇದಕ್ಯಾಕ ಹೆಚ್ಚು, ಯಕ್ಕಾ?’

‘ದುಂಡಾನ ಕೂಸು ಹಸಿವಾದ್ರ ಅತ್ತು ಕರೀತೈತ್ರಿ. ಇದಕ್ಕ ಅಳಾಕೂ ಶಕ್ತಿ ಇಲ್ಲ. ನಾನ ಎಚ್ಚರ ಇರಬೇಕ್ರಿ.’

ನಾನು ನಾಲ್ಕು ಸೇರಿಗೆ ಒಪ್ಪಿದೆ.

ಎರಡು ತಿಂಗಳು ಆಕೆ ತೊಟ್ಟಿಲ ಪಕ್ಕದ ಗೋಡೆಗೊರಗಿಯೇ ನಿದ್ದೆ ಮಾಡಿದಳು. ಊಟಕ್ಕೆ ಕರೆದರೂ ‘ಮೊದಲ ಕೂಸು’ ಎನ್ನುತ್ತಿದ್ದಳು. ಒಂದು ಮುಂಜಾನೆ ಕೂಸು ಓಣಿಗೆಲ್ಲ ಕೇಳುವಂತೆ ಚೀರಿತು. ಆ ವಾರ ಜೋಳ ಅಳೆಯುವಾಗ, ಎರಡು ಸೇರು ಬೀಳುತ್ತಲೇ ಆಕೆ ಚೀಲದ ಬಾಯಿ ಮುಚ್ಚಿದಳು.

‘ಸಾಕ್ರಿ. ಈಗ ಅದ ಕರೀತೈತಿ.’

‘ಕರಿಯಾಕ ಕಲಿಸಿದಾಕಿ ನೀನ ಅಲ್ಲೇನು? ಚೀಲದ ಬಾಯಿ ತೆಗಿ.’

ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳ ಕೂಗು ಬಂತು. ‘ಮೊದಲ ಕೂಸು’ ಎನ್ನುತ್ತ ಆಕೆ ಚೀಲ ಬಿಟ್ಟು ಓಡಿದಳು. ನಾನು ಇನ್ನೆರಡು ಸೇರು ತುಂಬಿ ಕಟ್ಟಿಟ್ಟೆ. ಒಂದೆರಡು ಬೊಗಸೆ ಹೆಚ್ಚೇ ಬಿದ್ದಿರಬೇಕು. ಆ ಕೂಗು ಕೇಳುತ್ತ ಅಳತೆ ತಪ್ಪಿತ್ತು.