ಧಾರೆ ಎರೆದವರ ಫೋಟೋ

ನಮ್ಮ ಕಸುಬಿನಲ್ಲಿ ಸುಳ್ಳಿಗೆ ಎಡಿಟಿಂಗ್ ಎಂದು ಹೆಸರು. ಮೊಡವೆ ಅಳಿಸುತ್ತೇವೆ, ಬೊಕ್ಕತಲೆಗೆ ಕೂದಲು ಬೆಳೆಸುತ್ತೇವೆ, ಭದ್ರಾವತಿಯ ಕಲ್ಯಾಣ ಮಂಟಪದ ಹಿಂದೆ ಹಿಮದ ಬೆಟ್ಟ ತಂದು ನಿಲ್ಲಿಸುತ್ತೇವೆ. ಇದರಿಂದ ಯಾರ ಗಂಟೂ ಹೋಗುವುದಿಲ್ಲ ಎಂದೇ ನಾನು ನಂಬಿದ್ದೆ. ನಾನು ಎಂದರೆ ಚಂದ್ರು. ನ್ಯೂ ಟೌನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಆ ನಂಬಿಕೆ ಮುರಿದದ್ದು ವಿಮಲಮ್ಮನವರ ಮನೆಯ ವಿಷಯದಲ್ಲಿ.

ವಿಮಲಮ್ಮ ನನಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದ ಶಂಕರನಾರಾಯಣ ಮೇಷ್ಟ್ರ ಹೆಂಡತಿ. ಅವರು ಕಲಿಸಿದ್ದು ನಿಜ, ನಾನು ಕಲಿತದ್ದಕ್ಕೆ ಪುರಾವೆ ಇಲ್ಲ. 2021ರ ಜೂನಿನಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಮೇಷ್ಟ್ರು ಹಾಗೇ ಕುಸಿದು ತೀರಿಕೊಂಡರು. ಸಾವಾದ ಮನೆಯಲ್ಲಿ ವರ್ಷದೊಳಗೆ ಮಗಳ ಮದುವೆ ಮುಗಿಸಬೇಕೆಂದು ನೆಂಟರು ಅವಸರ ಮಾಡಿದರು. ಎಂಟನೇ ತಿಂಗಳಿಗೆ ಒಬ್ಬಳೇ ಮಗಳು ಕವನಾಳ ಮದುವೆಯಾಯಿತು. ವರ ಪ್ರಣವ. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮನ ಜೊತೆ ಹೋಗಿ ಅಮೆರಿಕದ ಪ್ರಜೆಯಾದವನು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮೂರು ವಾರ ರಜೆ ಹಾಕಿ ಬಂದಿದ್ದ. ಮದುವೆಯ ಫೋಟೋ ತೆಗೆದವನು ನಾನೇ.

ಧಾರೆ ಎರೆದವರು ಶಿವಮೊಗ್ಗದಲ್ಲಿರುವ ಮೇಷ್ಟ್ರ ತಮ್ಮ ಮತ್ತು ಅವರ ಹೆಂಡತಿ. ಗಂಡನಿಲ್ಲದವಳು ಮಂಟಪ ಹತ್ತಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಕಷ್ಟವನ್ನೇ ಅವರಿಗೆ ಕೊಡದೆ ವಿಮಲಮ್ಮ ತಾವಾಗಿಯೇ ಹಿಂದೆ ಸರಿದಿದ್ದರು.

ಮದುವೆಯಾದ ವಾರಕ್ಕೆ ಅವರು ಸ್ಟುಡಿಯೋಗೆ ಬಂದರು. ಕೈಯಲ್ಲಿ ಮೇಷ್ಟ್ರ ಅರವತ್ತರ ಶಾಂತಿಯಲ್ಲಿ ಗಂಡ ಹೆಂಡತಿ ಕೂತು ತೆಗೆಸಿಕೊಂಡ ಫೋಟೋ.

“ಚಂದ್ರು, ಧಾರೆ ಫೋಟೋದಲ್ಲಿ ಇವ್ರನ್ನ ನಿಲ್ಸೋಕಾಗುತ್ತೇನೋ?”

“ಆಗ್ದೇ ಏನಮ್ಮ. ನಿಮ್ಮನ್ನೂ ಪಕ್ಕದಲ್ಲೇ ನಿಲ್ಲಿಸ್ತೀನಿ.”

ಅವರು ಬೇಡ ಎನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು.

ತಮ್ಮನ ಮೈಯನ್ನು ಹಾಗೇ ಉಳಿಸಿ ಮೇಷ್ಟ್ರ ಮುಖ ಕೂರಿಸಿದೆ. ತಮ್ಮನ ಹೆಂಡತಿಯ ಹಸಿರು ರೇಷ್ಮೆ ಸೀರೆಯ ಮೇಲೆ ಕುಂಕುಮವಿಟ್ಟ ವಿಮಲಮ್ಮನ ಮುಖ. ಅಷ್ಟು ನಾಜೂಕಿನ ಕೆಲಸ ನನ್ನ ಜನ್ಮದಲ್ಲೇ ಮಾಡಿರಲಿಲ್ಲ. ವಿಮಲಮ್ಮ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಅದನ್ನು ನೋಡಿದ ದಿನ ಕವನಾಳ ಚಿಕ್ಕಪ್ಪ ಕಾಫಿಯನ್ನೂ ಕುಡಿಯದೆ ಎದ್ದು ಹೋದರಂತೆ. ಆಮೇಲೆ ಎರಡು ಮನೆಗೂ ಮಾತು ನಿಂತಿತು. ದೊಡ್ಡವರ ಮುನಿಸು, ತಾನಾಗಿ ಇಳಿಯುತ್ತದೆ ಎಂದುಕೊಂಡು ನಾನು ಸುಮ್ಮನಾದೆ.

ಪ್ರಣವ ವಾಪಸು ಹೋಗಿ ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕಿದ. ಕವನಾ ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ತಾತ್ಕಾಲಿಕ ಕೆಲಸ ಮಾಡುತ್ತ, ರಜೆ ಸಿಕ್ಕಾಗಲೆಲ್ಲ ಜನನ ಪತ್ರ, ಮದುವೆ ನೋಂದಣಿ, ಪೊಲೀಸರ ಪತ್ರ ಎಂದು ಕಚೇರಿಗಳಿಗೆ ಅಲೆದಳು. ಎರಡು ವರ್ಷ ಹಾಗೇ ಕಳೆಯಿತು. ಕೊನೆಗೆ ಮುಂಬೈಗೆ ಸಂದರ್ಶನಕ್ಕೆ ಬರಬೇಕೆಂದು ಮೇಲ್ ಬಂದಾಗ ಕೆಲಸ ಬಿಟ್ಟು, ನೆರೆಹೊರೆಗೆ ಸಿಹಿ ಹಂಚಿ, ನನ್ನ ಹತ್ತಿರ ಓಡಿ ಬಂದಳು.

“ಚಂದ್ರಣ್ಣ, ಮದ್ವೆ ಫೋಟೋನೂ ತರ್ಬೇಕಂತೆ. ಸುಳ್ಳು ಮದ್ವೆ ಅಲ್ಲ ಅಂತ ತೋರ್ಸೋಕೆ.”

“ಧಾರೆ ಫೋಟೋನೇ ಮೇಲಿಡು ಮಾರಾಯ್ತಿ. ಅದಕ್ಕಿಂತ ಸಾಕ್ಷಿ ಇನ್ನೇನ್ ಬೇಕು?”

ನಾನೇ ದೊಡ್ಡದಾಗಿ ಪ್ರಿಂಟ್ ಹಾಕಿ ಎಲ್ಲಕ್ಕಿಂತ ಮೇಲಿಟ್ಟು ಕೊಟ್ಟೆ.

ಮುಂಬೈಯಲ್ಲಿ ಮೊದಲು ವೈದ್ಯರ ತಪಾಸಣೆ, ಚುಚ್ಚುಮದ್ದು, ಬೆರಳಚ್ಚು. ಆಮೇಲೆ ಸಂದರ್ಶನ. ಗಾಜಿನಾಚೆ ಕೂತಿದ್ದ ಅಧಿಕಾರಿ ಹೆಂಗಸು ಸೌಜನ್ಯದವಳೇ. ಗಂಡನ ಪರಿಚಯ ಹೇಗಾಯಿತು, ಅವನ ಕೆಲಸವೇನು, ದಿನಾ ಮಾತಾಡುತ್ತೀರಾ ಎಂದೆಲ್ಲ ಕೇಳಿದಳು. ಕವನಾ ತಡವರಿಸದೆ ಹೇಳಿದಳು. ಆಮೇಲೆ ಆಕೆ ಫೋಟೋ ಎತ್ತಿಕೊಂಡಳು.

“ಇವರು ಯಾರು?”

“ನನ್ನ ಅಪ್ಪ ಅಮ್ಮ.”

ಎರಡು ವರ್ಷ ಮನೆಯ ಗೋಡೆಯ ಮೇಲೆ ನೋಡಿದ ಫೋಟೋ. ಬೇರೆ ಉತ್ತರ ಅವಳ ಬಾಯಿಗೆ ಬರಲಿಲ್ಲ. ಆಕೆ ಅರ್ಜಿಯ ಹಾಳೆ ತಿರುವಿದಳು. ಅಪ್ಪ ಸತ್ತ ತಾರೀಕು ಮೊದಲು, ಮದುವೆಯ ತಾರೀಕು ಆಮೇಲೆ. ಕವನಾ ಗಾಬರಿಯಾಗಿ ಸ್ಟುಡಿಯೋ, ಎಡಿಟಿಂಗ್, ಅಮ್ಮನ ಆಸೆ ಎಂದು ಎಲ್ಲವನ್ನೂ ಬಡಬಡಿಸಿದಳು.

“ಹಾಗಾದರೆ ಇದರಲ್ಲಿ ಇನ್ನೇನೇನು ಬದಲಾಗಿದೆ?” ಎಂದು ಆಕೆ ಮುಂದಿನ ಫೋಟೋ ತೆಗೆದಳು. ಅದರಲ್ಲಿ ವಧೂವರರು ಭದ್ರಾವತಿ ಎಂದೂ ಕಾಣದ ಸರೋವರದ ದಂಡೆಯಲ್ಲಿ ಎರಡು ಹಂಸಗಳ ಜೊತೆ ನಿಂತಿದ್ದರು. ಅದೂ ನನ್ನದೇ ಕೈಚಳಕ.

ವೀಸಾದ ಬದಲು ಒಂದು ಚೀಟಿ ಸಿಕ್ಕಿತು. ಫೋಟೋಗಳ ಮೂಲ ಪ್ರತಿ, ಮದುವೆ ಮಾಡಿಕೊಟ್ಟವರ ಅಫಿಡವಿಟ್ ಬರುವ ತನಕ ಏನೂ ತೀರ್ಮಾನವಿಲ್ಲ.

ಊರಿಗೆ ಬಂದವಳೇ ಕೇಳಿದಳು, “ಒರಿಜಿನಲ್ ಇದೆ ತಾನೆ ಚಂದ್ರಣ್ಣ?”

“ಇರುತ್ತೆ ಬಿಡು, ಹುಡುಕ್ತೀನಿ.”

ಇರಲಿಲ್ಲ. ಆಲ್ಬಮ್ ಕೊಟ್ಟು ಆರು ತಿಂಗಳಾದ ಮೇಲೆ ಡಿಸ್ಕ್ ಅಳಿಸಿ ಬೇರೆ ಮದುವೆ ತುಂಬಿಸುವುದು ನನ್ನ ಪದ್ಧತಿ. ಅಷ್ಟನ್ನು ಹೇಳುವ ಧೈರ್ಯ ಬರಲಿಲ್ಲ. ನಾಲ್ಕು ತಿಂಗಳು, ಅವಳು ಬಂದಾಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಹುಡುಕುವ ನಾಟಕವಾಡಿದೆ. ಅಷ್ಟರಲ್ಲಿ ಲೈಬ್ರರಿಯ ಕೆಲಸ ಬೇರೆಯವರ ಪಾಲಾಯಿತು. ಸಿಹಿ ತಿಂದವರೆಲ್ಲ “ಯಾವಾಗ ಹೊರಡೋದು?” ಎಂದು ಕೇಳುತ್ತಾರೆಂದು ಅವಳು ಅಂಗಡಿಗೆ ಹೋಗುವುದನ್ನೂ ಬಿಟ್ಟಳು. ಗಂಟೆಗಟ್ಟಲೆ ಮಾತಾಡುತ್ತಿದ್ದ ಪ್ರಣವ “ಏನಾದ್ರೂ ಸಿಕ್ತಾ?” ಎಂದಷ್ಟೇ ಕೇಳಿ ಫೋನಿಡತೊಡಗಿದ. ಇದೆಲ್ಲ ಗೊತ್ತಿದ್ದೂ ನಾನು ಬಾಯಿಬಿಡಲಿಲ್ಲ. ಹೇಡಿತನಕ್ಕೆ ಇನ್ನೊಂದು ಹೆಸರು ಹುಡುಕಿ ಪ್ರಯೋಜನವಿಲ್ಲ.

“ನಿಜ ಹೇಳಿ, ಇಲ್ಲ ಅಲ್ವಾ?” ಎಂದು ಒಂದು ದಿನ ಅವಳೇ ಕೇಳಿದಳು. ನಾನು ತಲೆ ತಗ್ಗಿಸಿದೆ.

“ಮೊದ್ಲೇ ಹೇಳ್ಬಾರ್ದಿತ್ತಾ ಚಂದ್ರಣ್ಣ.”

ನಾಲ್ಕು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಉಳಿದಿದ್ದು ಚಿಕ್ಕಪ್ಪನ ಮನೆ ಬಾಗಿಲು. ಮಾತು ಬಿಟ್ಟವರ ಹತ್ತಿರ ಅಫಿಡವಿಟ್ ಕೇಳಲು ಅಂಜಿ, ಫೋಟೋ ಸಿಕ್ಕ ಮೇಲೆ ನೋಡೋಣ ಎಂದು ಅವಳು ಅದನ್ನು ಮುಂದೂಡಿದ್ದಳು. ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ನಾನೇನಂತ ಸಾಕ್ಷಿ ಹೇಳ್ಲಯ್ಯ? ಫೋಟೋದಲ್ಲಿ ಕೈ ನಂದು, ತಲೆ ಅಣ್ಣಂದು. ನನ್ನ ಮಗಳೇ ಅಂತ ಧಾರೆ ಎರೆದೆ. ಅಣ್ಣ ಫೋಟೋದಲ್ಲಿ ಬೇಕು ಅಂತ ಅತ್ತಿಗೆ ಒಂದು ಮಾತು ಹೇಳಿದ್ರೆ ನಾನೇ ಪಕ್ಕಕ್ಕೆ ನಿಲ್ತಿದ್ದೆ. ನನ್ನ ಅಳಿಸಿ ಹಾಕೋದಾ?”

ಕವನಾ ಅವರ ಕಾಲು ಹಿಡಿದು ಅತ್ತಳು. “ಏಳಮ್ಮ, ಏಳು” ಎನ್ನುತ್ತ ಅವರೂ ಅತ್ತರು. ಆ ಮಧ್ಯಾಹ್ನವೇ ನೋಟರಿಯ ಹತ್ತಿರ ಹೋಗಿ ಸಹಿ ಹಾಕಿದರು. ಅವರ ಮಗಳು ಅನುಷಾ ಹಳೆಯ ಮೊಬೈಲು ಚಾರ್ಜಿಗಿಟ್ಟು, ಮಂಟಪದ ಪಕ್ಕದಿಂದ ತಾನು ತೆಗೆದಿದ್ದ ಒಂದು ಫೋಟೋ ಹುಡುಕಿ ಕೊಟ್ಟಳು.

ಅದನ್ನು ವಿಮಲಮ್ಮನವರಿಗೆ ತೋರಿಸಿದೆವು. ಧಾರೆ ಎರೆಯುತ್ತಿರುವ ಮೈದುನ, ಓರಗಿತ್ತಿ, ತಲೆ ಬಗ್ಗಿಸಿದ ಮಗಳು. ಅವರ ಬೆನ್ನ ಹಿಂದೆ ಹಾಲ್ ಪೂರ್ತಿ ಕಾಣುತ್ತಿತ್ತು. ಕುರ್ಚಿಗಳ ಸಾಲು ಮುಗಿದು ಆಚೆಗೆ, ಊಟದ ಮನೆಯ ಬಾಗಿಲಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡು ಒಬ್ಬರೇ ನಿಂತ ವಿಮಲಮ್ಮ.

“ನಾನು ಅಷ್ಟು ದೂರ ಇದ್ನಾ?” ಎಂದರು. ಆಮೇಲೆ ಮೆಲ್ಲಗೆ, “ದಿನಾ ಗೋಡೆ ನೋಡಿ ನೋಡಿ ಮಂಟಪದ ಮೇಲೇ ನಿಂತಿದ್ದೆ ಅಂತ ಆಗ್ಬಿಟ್ಟಿತ್ತು ಕಣೋ. ಇದನ್ನೇ ಕಳಿಸಿ. ಮಗು ಹೋಗ್ಲಿ.”

ಕಳಿಸಿದೆವು. ಐದು ತಿಂಗಳಿಗೆ ವೀಸಾ ಬಂತು, ಕವನಾ ಗಂಡನ ಹತ್ತಿರ ಹೋದಳು. ಅವಳ ಕಾಯುವ ಕಾಲಕ್ಕೆ ನಾನು ಸೇರಿಸಿದ ತಿಂಗಳುಗಳಿಗೆ ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ವಿಮಲಮ್ಮನವರ ಹತ್ತಿರ ಕೇಳಲು ಇನ್ನೂ ನಾಲಿಗೆ ಏಳುತ್ತಿಲ್ಲ. ಫೋಟೋ ಕೆಡಿಸಿದ್ದಕ್ಕಾಗಿ ಅಲ್ಲ. ಮದುವೆಯ ದಿನ ಬೆಳಕು ಸಾಲದೆಂದು ಮಂತ್ರ ಹೇಳುತ್ತಿದ್ದ ಪುರೋಹಿತರನ್ನೇ ನಿಲ್ಲಿಸಿ, ನೆಂಟರನ್ನು ಅತ್ತಿತ್ತ ಸರಿಸಿ, ಎರಡನೇ ಸಲ ಧಾರೆ ಎರೆಸಿದವನು ನಾನು. ಯಾರೂ ಎದುರಾಡಲಿಲ್ಲ. ಬಾಗಿಲಲ್ಲಿ ನಿಂತವರನ್ನು ಆಗಲೇ ನೋಡಿದ್ದೆ. “ಅಮ್ಮ, ನೀವೂ ಬನ್ನಿ” ಎಂದು ನಾನು ಕರೆಯಲಿಲ್ಲ.