ಕೋಳಿಯೋ ಕೋಡಿಯೋ

ನಾನು ಇಂಥದ್ದನ್ನು ನಂಬುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರದೋ ಕನಸಿನಲ್ಲಿ ದೇವದೂತ ಬಂದ, ಯಾರದೋ ಜ್ವರ ಪ್ರಾರ್ಥನೆಗೆ ಇಳಿಯಿತು ಎಂದು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಆಕಳಿಕೆ ಬರುತ್ತಿತ್ತು. ಜ್ವರ ಇಳಿಯುವ ಹೊತ್ತಿಗೆ ಇಳಿಯುತ್ತದೆ. ನಮ್ಮಪ್ಪನ ಕಾಲದಲ್ಲೇ ನಮ್ಮ ಮನೆಯವರು ಕ್ರೈಸ್ತರಾಗಿದ್ದರು. ಹುಟ್ಟಿದಾಗಿನಿಂದ ಈ ಸಾಕ್ಷಿಗಳನ್ನು ಕೇಳಿಕೊಂಡೇ ಬೆಳೆದೆ. ಕೇಳಿದಷ್ಟೂ ನಂಬಿಕೆ ಕಡಿಮೆಯಾಯಿತು.

ನಾನು ಓದಿದ್ದು ಮಿಷನ್ ಶಾಲೆಯಲ್ಲಿ ಮೂರನೆಯ ಕ್ಲಾಸು. ಅಕ್ಷರ ಕೂಡಿಸಿ ಓದಬಲ್ಲೆ, ನಿಧಾನ. ಬರೆಯುವುದು ಅದಕ್ಕಿಂತ ನಿಧಾನ. ಇದರಲ್ಲಿ ಬಣ್ಣ ಬೆಡಗು ಹುಡುಕಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅರ್ಥ ನಿಮಗೆ ಹೊಳೆದರೆ ಒಳ್ಳೆಯದು, ನನಗಂತೂ ಹೊಳೆದಿಲ್ಲ.

ಆಗ ಯುದ್ಧ ನಡೆಯುತ್ತಿತ್ತು. ನಾನು ಉಪದೇಶಿ ದೇವದಾನಯ್ಯನವರ ಗಾಡಿ ಹೊಡೆಯುತ್ತಿದ್ದೆ. ಊರೂರಿಗೆ ಹೋಗಿ ಪುಸ್ತಕ ಮಾರುವುದು ಅವರ ಕೆಲಸ. ನಮ್ಮ ಸುಗಟೂರಿನಿಂದ ಹೊರಟರೆ ಮುಳಬಾಗಿಲು, ಶ್ರೀನಿವಾಸಪುರದ ಸಂತೆಗಳನ್ನು ಮುಗಿಸಿ ತಿರುಗಿ ಬರುವುದು. ಗಾಡಿಯಲ್ಲಿ ಪ್ರಾರ್ಥನೆಯ ಪುಸ್ತಕಗಳು ಇದ್ದವು, ಸಣ್ಣ ಸಣ್ಣ ಕಥೆ ಪುಸ್ತಕಗಳೂ ಇದ್ದವು. ಮಾರಾಟವಾಗುತ್ತಿದ್ದದ್ದು ಕಥೆ. ದೇವದಾನಯ್ಯನವರದು ಒಳ್ಳೆಯ ಕಂಠ. ಮರದ ಕೆಳಗೆ ನಿಂತು ಅರ್ಧ ಕಥೆ ಓದಿ, ಜನ ಬಾಯಿ ಬಿಟ್ಟುಕೊಂಡು ಕೇಳುವಾಗ ಪುಸ್ತಕ ಮುಚ್ಚಿಬಿಡುತ್ತಿದ್ದರು. ಮುಂದಿನದು ಬೇಕಾದವರು ಕೊಂಡುಕೊಳ್ಳಬೇಕು. ಅಷ್ಟು ಹೊತ್ತು ನಾನು ಎತ್ತಿನ ಹತ್ತಿರ ಕೂತು ಬೀಡಿ ಸೇದುತ್ತಿದ್ದೆ.

ದೇವರಾಯಸಮುದ್ರದ ಆಚೆಗೆ ಒಂದು ಸಣ್ಣ ಊರು. ಅಲ್ಲಿನವರು ಇನ್ನೂ ಬದುಕಿದ್ದಾರೆ, ಊರಿನ ಹೆಸರು ಬೇಡ. ಅಲ್ಲಿ ನಮ್ಮ ಬಲಗಡೆಯ ಎತ್ತಿನ ಲಾಳ ಬಿದ್ದುಹೋಯಿತು. ಲಾಳ ಕಟ್ಟುವ ಇಮಾಮ್ ಸಾಬಿಯ ಗುಡಿಸಲು ಕೆರೆಯ ಕೆಳಗೆ ಹುಣಸೆ ಮರದ ಪಕ್ಕದಲ್ಲಿತ್ತು. ಎತ್ತನ್ನು ಕೆಡವಿ ಲಾಳ ಕಟ್ಟಿದ ಮೇಲೆ ಅವನು, “ಇವತ್ತು ಇದನ್ನ ನಡೆಸಬ್ಯಾಡ ತಮ್ಮಾ, ಮೊಳೆ ಕೂರಲಿ” ಎಂದ. ಹಾಗಾಗಿ ಆ ದಿನ ಅಲ್ಲೇ ಉಳಿದೆವು. ರಸ್ತೆ ಪಕ್ಕದ ದಿಬ್ಬದ ಮೇಲೆ ಮಿಷನ್ನಿನ ಒಂದು ಹೆಂಚಿನ ಮನೆ ಇತ್ತು, ಪ್ರಾರ್ಥನೆಗೂ ಅದೇ, ಮಲಗುವುದಕ್ಕೂ ಅದೇ. ಊರಿನವರು ಅದನ್ನು ಮೇಲ್ಮನೆ ಎನ್ನುತ್ತಿದ್ದರು.

ದೀಪಾವಳಿ ಕಳೆದಿತ್ತು. ಚಳಿ, ತಿಳಿ ಆಕಾಶ, ಮೋಡದ ಚೂರೂ ಇರಲಿಲ್ಲ. ಕೆರೆಯಲ್ಲಿ ಅರ್ಧ ನೀರು. ಆ ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿದು ಎಷ್ಟೋ ವರ್ಷವಾಗಿತ್ತಂತೆ. ಹೆಚ್ಚಿನ ನೀರು ಹರಿಯಬೇಕಾದ ಕಾಲುವೆಯಲ್ಲಿ ಜಾಲಿ ಬೆಳೆದಿತ್ತು. ಆ ಧೈರ್ಯದಿಂದಲೇ ಕಾಲುವೆಯ ಅಂಚಿನಲ್ಲಿ ಗೌರಮ್ಮ ಎಂಬ ಮುದುಕಿ ಮಣ್ಣಿನ ಮನೆ ಕಟ್ಟಿಕೊಂಡಿದ್ದಳು. ಮಗ ವೆಂಕಟಪ್ಪ ಜೊತೆಗಿದ್ದ. ಮಗಳು ಹೆರಿಗೆಗೆ ಬಂದು, ಹಸಿ ಬಾಣಂತಿಯಾಗಿ ಒಳಗೆ ಮಲಗಿದ್ದಳು.

ಆ ಸಂಜೆ ದೇವದಾನಯ್ಯನವರ ಗಂಟಲು ಕಟ್ಟಿತ್ತು. ಹುಣಸೆ ಮರದ ಕೆಳಗೆ ಜನ ಆಗಲೇ ಸೇರಿದ್ದರು. ಸೀಮೆಎಣ್ಣೆ ಸಿಗದ ಕಾಲ, ಬೆಳಕಿರುವಾಗಲೇ ಓದಿ ಮುಗಿಸಬೇಕು. ಅವರು ಒಂದು ಪುಸ್ತಕ ನನ್ನ ಕೈಗೆ ತುರುಕಿ, “ನೀನೇ ಓದೋ” ಎಂದರು. ನಾನು ಆಗಷ್ಟೇ ಗಾಡಿಯ ಅಚ್ಚಿಗೆ ಎಣ್ಣೆ ಹಾಕಿ ಬಂದಿದ್ದೆ, ಕೈಯೆಲ್ಲ ಕಪ್ಪು. ಪುಸ್ತಕ ಹೊಸದಾಗಿ ಬಂದ ಕಟ್ಟಿನದು. ಅದನ್ನು ನಾನು ಕೇಳಿರಲೂ ಇಲ್ಲ, ನೋಡಿರಲೂ ಇಲ್ಲ. ಅವರು ಮಾತ್ರ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಕಥೆ ದೊಡ್ಡದೇನಲ್ಲ. ಒಬ್ಬ ಯಜಮಾನ ದೂರ ಹೋಗುವಾಗ ತನ್ನ ಆಳಿಗೆ ಮನೆ ಒಪ್ಪಿಸಿ ಹೋಗುತ್ತಾನೆ. ಆಮೇಲೆ ಅವನು ಹೇಳಿ ಕಳಿಸುತ್ತಾನೆ: ಕೋಳಿ ಕೂಗುವ ಮುಂಚೆ ಮನೆಯವರನ್ನೆಲ್ಲ ಕರೆದುಕೊಂಡು ಮೇಲಿನ ಮನೆಗೆ ಬಾ. ಮೇಲಿನ ಮನೆ ಎಂದರೆ ಪರಲೋಕ ಎಂದು ಕೊನೆಯಲ್ಲಿ ವಿವರಿಸಿರುತ್ತಾರೆ. ಎಲ್ಲ ಕಥೆಗಳಲ್ಲೂ ಹಾಗೇ.

ನಾನು ಆ ಸಾಲಿಗೆ ಬಂದೆ. “ಕೋಡಿ ಕೂಗುವ ಮುಂಚೆ” ಎಂದು ಓದಿದೆ.

“ಕೋಳಿ ಕಣೋ” ಎಂದರು ದೇವದಾನಯ್ಯ, ಇದ್ದ ಗಂಟಲಲ್ಲಿ.

ನಾನು ಮತ್ತೆ ನೋಡಿದೆ. ಕೋಡಿ ಎಂದೇ ಇತ್ತು. ಬೆರಳಿಟ್ಟು ನೋಡಿದೆ. ಕೋ, ಡಿ. “ಇಲ್ಲಿ ಕೋಡಿ ಅಂತ ಇದೆ ಅಯ್ನೋರೇ” ಎಂದೆ.

“ನಿನ್ನ ಕಣ್ಣಲ್ಲಿ ಏನಿದೆಯೋ. ಕೋಡಿ ಯಾಕೋ ಕೂಗುತ್ತೆ?”

“ಅದನ್ನ ಬರೆದೋರನ್ನ ಕೇಳಿ.”

ಅವರು ಪುಸ್ತಕ ಕಿತ್ತುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. ಕನ್ನಡಕ ಮೇಲ್ಮನೆಯಲ್ಲಿತ್ತು. ಅಲ್ಲಿ ಓದು ಬಲ್ಲವರು ಬೇರೆ ಯಾರೂ ಇರಲಿಲ್ಲ. ಜನ ನಗುವುದಕ್ಕೆ ಶುರು ಮಾಡಿದರು. ಇಮಾಮ್ ಸಾಬಿ ಎಲ್ಲರಿಗಿಂತ ಜೋರಾಗಿ ನಕ್ಕ. “ಬಿಡಿ ಅಯ್ನೋರೇ, ಈ ಊರಲ್ಲಿ ಎಲ್ರೂ ಮನೇಲಿ ತೆಲುಗೇ ಮಾತಾಡೋದು. ತೆಲುಗಲ್ಲಿ ಕೋಡಿ ಅಂದ್ರೆ ಕೋಳೀನೇ ತಾನೇ? ಹುಡುಗ ಊರಿಗೆ ತಕ್ಕ ಹಾಗೆ ಓದಿದ್ದಾನೆ. ಸಾರು ಮಾಡಿದ್ರೆ ಎರಡೂ ಒಂದೇ ರುಚಿ.”

ಅವನು ಹೇಳಿದ್ದು ಸರಿ. ಕೇಳಿದವರಿಗೆಲ್ಲ ಅದು ಕೋಳಿಯೇ ಆಯಿತು. ನನಗೆ ಸಿಟ್ಟು ಬಂದಿತ್ತು. ಇದ್ದದ್ದನ್ನು ಓದಿದರೆ ನಗುತ್ತಾರಲ್ಲ ಎಂದು ಪುಸ್ತಕ ವಾಪಸ್ಸು ತೆಗೆದುಕೊಂಡು, ಆ ಸಾಲನ್ನು ಮೂರನೆಯ ಸಲ ಬೇಕೆಂದೇ ಗಟ್ಟಿಯಾಗಿ ಓದಿದೆ. ಕೋಡಿ ಕೂಗುವ ಮುಂಚೆ ಮನೆಯವರನ್ನೆಲ್ಲ ಕರೆದುಕೊಂಡು ಮೇಲಿನ ಮನೆಗೆ ಬಾ. ಕಣ್ಣಿಗೆ ಕಂಡದ್ದು ಆಗಲೂ ಅದೇ.

ಹಿಂದೆ ಕೂತಿದ್ದ ಗೌರಮ್ಮ ಎದ್ದು ನಿಂತಳು. ಕಥೆ ಮುಗಿಯುವವರೆಗೂ ಕಾಯಲಿಲ್ಲ, ಸೀರೆಯ ಮಣ್ಣು ಕೊಡವಿಕೊಂಡು ಮನೆಗೆ ಹೊರಟುಹೋದಳು. ಜನ ಚದುರಿದ ಮೇಲೆ ತಿರುಗಿ ಬಂದು ನನ್ನ ಮುಂದೆ ನಿಂತಳು.

“ಗಾಡಿ ಹೂಡು ಮಗ. ನನ್ನ ಮಗಳನ್ನ ಮೇಲ್ಮನೆಗೆ ಬಿಡಬೇಕು.”

ನಾನು ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಎತ್ತಿಗೆ ಹೊಸ ಲಾಳ, ನಡೆಸಬಾರದು ಎಂದೆ. ವೆಂಕಟಪ್ಪ ಓಡಿ ಬಂದು ಅವಳ ಕೈ ಹಿಡಿದ. “ಏನಮ್ಮ ನೀನು? ಹಸಿ ಬಾಣಂತಿನ ಈ ಚಳೀಲಿ ಆಚೆ ತೆಗೀತಾರಾ? ಕೂಸಿಗೆ ಏನಾದ್ರೂ ಆದ್ರೆ ನಿನ್ನ ಅಳಿಯ ನಮ್ಮನ್ನ ಸುಮ್ನೆ ಬಿಡ್ತಾನಾ?”

ಅವನು ಹೇಳಿದ್ದೇ ನ್ಯಾಯ. ನಮ್ಮ ಕಡೆ ಬಾಣಂತಿಯ ಕೋಣೆಯ ಕಿಂಡಿಗೂ ಬಟ್ಟೆ ತುರುಕುತ್ತಾರೆ. ಸಂಜೆಯ ಗಾಳಿ ತಾಕಿದರೆ ಸನ್ನಿಯಾಗುತ್ತದೆ ಎನ್ನುತ್ತಾರೆ. ಹಾಗೆ ಸತ್ತವರನ್ನು ನಾನೇ ಕಂಡಿದ್ದೇನೆ. ಮುದುಕಿಗೂ ಅದು ಗೊತ್ತಿತ್ತು.

“ಗೊತ್ತು ಕಣೋ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಇರಲಿ” ಎಂದಳು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, “ನಮ್ಮಪ್ಪ ಲಕ್ಕೂರು ಕಡೆ ನೀರುಗಂಟಿ, ಕೆರೆ ಕಾಯೋನು. ಕೋಡಿ ಜೋರಾಗಿ ಬಿದ್ರೆ ‘ಕೋಡಿ ಕೂಗ್ತದೆ ಏಳ್ರೋ’ ಅಂತ ನಮ್ಮನ್ನ ಎಬ್ಬಿಸೋನು. ಅವನು ಸತ್ತ ಮೇಲೆ ಆ ಮಾತನ್ನ ಯಾರ ಬಾಯಲ್ಲೂ ಕೇಳಿಲ್ಲ ನಾನು. ಇವತ್ತು ನೀನಂದೆ. ನೀನೇ ಗಾಡಿ ಹೊಡೀಬೇಕು” ಎಂದಳು.

“ಕೆರೇಲಿ ಇರೋದೇ ಅರ್ಧ ನೀರಲ್ವಾ ಅಜ್ಜಿ.”

“ನನಗೂ ಕಾಣ್ತದೆ. ಗಾಡಿ ಹೂಡು.”

ದೇವದಾನಯ್ಯ ತಲೆಯಾಡಿಸಿದರು. ಹೆಂಗಸು ಕೇಳುವಾಗ ಇಲ್ಲ ಎನ್ನಬೇಡ ಎಂದು ಅರ್ಥ. ನಾನು ಗೊಣಗಿಕೊಂಡೇ ಎತ್ತು ಕಟ್ಟಿದೆ. ಪುಸ್ತಕದ ಕಟ್ಟುಗಳ ಮೇಲೆ ಹುಲ್ಲು ಹರಡಿ, ಅದರ ಮೇಲೆ ಕಂಬಳಿ ಹಾಸಿದರು. ಬಾಣಂತಿಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿ ಮಲಗಿಸಿದರು. ನಾನು ಓದಿದ ಪುಸ್ತಕವನ್ನೂ ಆ ಕಟ್ಟಿನ ಮೇಲೆಯೇ ಎಸೆದಿದ್ದೆ. ಕೂಸು ಮಲಗಿದ್ದು ಅದರ ಮೇಲೆ. ವೆಂಕಟಪ್ಪ ಅಗ್ಗಿಷ್ಟಿಕೆ ಹಿಡಿದುಕೊಂಡು ಬೈಯುತ್ತ ಹಿಂದೆ ಬಂದ. ಇಮಾಮ್ ಸಾಬಿ ಗುಡಿಸಲಿಗೆ ತಡಿಕೆ ಕಟ್ಟಿ, ಊರೊಳಗಿನ ತನ್ನ ಮನೆಗೆ ಹೊರಟಿದ್ದವನು, “ಕೋಳಿ ಕೂಗೋದ್ರೊಳಗೆ ಬಂದುಬಿಡಿ ಅಕ್ಕಾ” ಎಂದು ಕೂಗಿ ಹೇಳಿದ.

ದಾರಿಯಲ್ಲಿ ಕೂಸು ಒಂದು ಸಲ ಸೀನಿತು. ಗೌರಮ್ಮ ನನ್ನ ಮುಖ ನೋಡಿದಳು. ನಾನು ಎತ್ತಿನ ಕಡೆಗೆ ತಿರುಗಿದೆ. ಕೂಸಿಗೆ ಏನಾದರೂ ಆದರೆ ಅದು ನನ್ನ ಓದಿನಿಂದಲೇ ಆದ ಹಾಗೆ ಎಂದು ಹೆದರಿಕೆಯಾಯಿತು. ಬಾಣಂತಿಯನ್ನು ಒಳಗೆ ಮಲಗಿಸಿ ನಾವು ಗಂಡಸರು ಜಗಲಿಯಲ್ಲಿ ಮಲಗಿದೆವು.

ನನಗೆ ಎಚ್ಚರವಾದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಏನೋ ಸದ್ದು. ರಾಗಿ ಬೀಸುವ ಕಲ್ಲುಗಳನ್ನು ಊರಿನವರೆಲ್ಲ ಒಟ್ಟಿಗೆ ತಿರುಗಿಸಿದರೆ ಬರಬಹುದಾದ ಸದ್ದು. ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಬರುತ್ತಿವೆ ಅಂದುಕೊಂಡೆ. ರಸ್ತೆ ಖಾಲಿ ಇತ್ತು. ಗೌರಮ್ಮ ಬಾಗಿಲಲ್ಲಿ ನಿಂತಿದ್ದಳು. ಕೆರೆಯ ಕಡೆಗೆ ಕಿವಿಗೊಟ್ಟಿದ್ದಳು. ಕೋಳಿ ಕೂಗಿದ್ದು ಅದಾದ ಮೇಲೆ.

ಬೆಳಕಾದಾಗ ನೋಡಿದೆವು. ಕೋಡಿಯ ಉದ್ದಕ್ಕೂ ಕೆಂಪು ನೀರು ಬೀಳುತ್ತಿತ್ತು. ಕಾಲುವೆಯ ಜಾಲಿ ಕಾಣುತ್ತಿರಲಿಲ್ಲ, ಗೌರಮ್ಮನ ಮನೆಯೂ ಕಾಣುತ್ತಿರಲಿಲ್ಲ. ನಮ್ಮ ಸೀಮೆಯ ಕೆರೆಗಳು ಒಂದರ ಕೆಳಗೊಂದು ಇರುತ್ತವೆ. ಮೇಲೆಲ್ಲೋ ರಾತ್ರಿ ಮಳೆ ಸುರಿದು ಮೇಲಿನ ಕೆರೆಯ ಕಟ್ಟೆ ಒಡೆದಿತ್ತಂತೆ. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಈ ಕೆರೆಯ ಕಟ್ಟೆ ನಿಂತಿತು, ನೀರೆಲ್ಲ ಕೋಡಿಯ ಮೇಲೆ ಹೋಯಿತು. ಊರಿಗೆ ಏನೂ ಆಗಲಿಲ್ಲ. ಹೋದದ್ದು ಆ ಮನೆ, ಜೊತೆಗೆ ಇಮಾಮ್ ಸಾಬಿಯ ಗುಡಿಸಲು. ವೆಂಕಟಪ್ಪ ದಿಬ್ಬದ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮನೆ ಇದ್ದ ಜಾಗವನ್ನೇ ನೋಡುತ್ತಿದ್ದ. ಒಳಗೆ ಕೂಸು ಹಾಲಿಗೆ ಅಳುತ್ತಿತ್ತು. ಸನ್ನಿಯೂ ಆಗಲಿಲ್ಲ, ಏನೂ ಆಗಲಿಲ್ಲ.

ನನಗೆ ಮೊದಲು ನೆನಪಾದದ್ದು ಪುಸ್ತಕ. ಗಾಡಿಯಿಂದ ಎತ್ತಿಕೊಂಡು ಬಂದು ಆ ಹಾಳೆ ತೆಗೆದೆ. ಸಾಲಿನ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಅಚ್ಚೆಣ್ಣೆಯ ಗುರುತು ಇತ್ತು. ಅದೇ ಪುಸ್ತಕ, ಅದೇ ಹಾಳೆ, ಅದೇ ಸಾಲು. ಕೋಳಿ ಎಂದಿತ್ತು. ದೇವದಾನಯ್ಯ ಕನ್ನಡಕ ಹಾಕಿಕೊಂಡು ನೋಡಿದರು. ಕೋಳಿ. ಕಟ್ಟು ಬಿಚ್ಚಿ ಒಂದೊಂದು ಪ್ರತಿಯನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಕೋಳಿ.

ಮಬ್ಬು ಬೆಳಕಿನಲ್ಲಿ ತಪ್ಪು ಓದಿದೆ ಎನ್ನಬಹುದು. ನಾನೂ ಹಾಗೇ ಹೇಳಿಕೊಂಡು ನೋಡಿದೆ. ಆದರೆ ಪ ಮತ್ತು ವ ಆಗಿದ್ದರೆ ಒಪ್ಪುತ್ತಿದ್ದೆ. ಡ ಮತ್ತು ಳ ಯಾವ ದಿಕ್ಕಿನಿಂದ ನೋಡಿದರೂ ಒಂದಲ್ಲ. ತೆಲುಗು ನಾಲಗೆಗೆ ಬಂತು ಎನ್ನಬಹುದು. ನಮ್ಮ ಮನೆಯ ಮಾತು ಕನ್ನಡ, ನನ್ನ ಬಾಯಲ್ಲಿ ಕೋಳಿ ಯಾವತ್ತೂ ಕೋಳಿಯೇ. ಅಲ್ಲದೆ ನನ್ನ ತಪ್ಪಿದ್ದರೆ ಅದು ನಾಲಗೆಯದಲ್ಲ, ಕಣ್ಣಿನದು. ಬೆರಳಿಟ್ಟು ನೋಡಿದವನು ನಾನು.

ದೇವದಾನಯ್ಯನವರಿಗೆ ಯಾವ ಅನುಮಾನವೂ ಇರಲಿಲ್ಲ. ದೇವರೇ ಅಕ್ಷರ ತಿದ್ದಿದ ಎಂದರು. ಭಾನುವಾರ ಸಭೆಯಲ್ಲಿ ಎದ್ದು ಸಾಕ್ಷಿ ಹೇಳು ಎಂದರು. ನನಗೆ ಓದು ಬರುವುದಿಲ್ಲ ಎಂದು ಹತ್ತು ಜನರ ಮುಂದೆ ಸಾಕ್ಷಿ ಹೇಳಲೇ ಎಂದೆ. “ದೇವರಿಗೆ ಹೇಳೋದಿದ್ರೆ ನೀರು ಬರುತ್ತೆ ಏಳ್ರಿ ಅಂತ ನೆಟ್ಟಗೆ ಹೇಳಬಾರದಿತ್ತಾ ಅಯ್ನೋರೇ?” ಎಂದೂ ಕೇಳಿದೆ. “ನಿಂದು ತಲೆಯಲ್ಲ, ಕಲ್ಲು ಕಣೋ” ಎಂದರು. ಸಾಕ್ಷಿಯನ್ನು ಅವರೇ ಹೇಳಿದರು. ಅವರ ಬಾಯಲ್ಲಿ ಅದು ಚೆನ್ನಾಗಿಯೇ ಇತ್ತು, ಆದರೆ ಅಚ್ಚೆಣ್ಣೆಯ ಗುರುತನ್ನು ಬಿಟ್ಟುಬಿಟ್ಟರು.

ಇಮಾಮ್ ಸಾಬಿ ಕೆಸರಲ್ಲಿ ಮೊಣಕಾಲುದ್ದ ನಿಂತು ತನ್ನ ಸಾಮಾನು ಹುಡುಕುತ್ತಿದ್ದ. ನನ್ನನ್ನು ಕಂಡು, “ಇನ್ನು ನೀನು ಓದಿದ್ರೆ ನಾನು ನಗಲ್ಲ ತಮ್ಮಾ. ಆದ್ರೆ ಲಾಳದ ಡಬ್ಬಿ ಎತ್ತಿಡು ಅಂತ ಒಂದು ಸಾಲು ಸೇರಿಸಿ ಓದಬಾರದಿತ್ತಾ?” ಎಂದ.

ಹೊರಡುವ ಮುಂಚೆ ಗೌರಮ್ಮನನ್ನು ಒಂದು ಮಾತು ಕೇಳಿದೆ. ಅಷ್ಟು ವರ್ಷದಿಂದ ಈ ಊರಲ್ಲಿ ಇದ್ದೀಯ, ತೆಲುಗರ ಕೋಡಿ ಎಂದರೆ ಕೋಳಿ ಎಂದು ನಿನಗೂ ಗೊತ್ತಿತ್ತಲ್ಲ, ಮತ್ತೆ ಯಾಕೆ ಎದ್ದೆ ಎಂದು.

“ಗೊತ್ತಿಲ್ದೆ ಏನು? ದಿನಾ ಅದೇ ಮಾತಲ್ಲಿ ಕೋಳಿ ಓಡಿಸ್ತೀನಿ” ಎಂದಳು. ಆಮೇಲೆ, “ಎರಡು ಸಲ ನೀನು ಕೋಳೀನೇ ಅಂದೆ ಕಣಪ್ಪ. ನಾನೂ ನಕ್ಕೆ. ಮೂರನೇ ಸಲ ಅಂದದ್ದು ಕೋಳಿ ಅಲ್ಲ, ನಮ್ಮಪ್ಪನ ಕೋಡಿ” ಎಂದಳು.

ನಾನು ಮೂರು ಸಲವೂ ಒಂದೇ ಮಾತು ಓದಿದ್ದೆ.

ಆ ಪುಸ್ತಕವನ್ನು ನಾನು ಮಾರಲು ಬಿಡಲಿಲ್ಲ, ನನ್ನ ಹತ್ತಿರವೇ ಇದೆ. ಆಗಾಗ ತೆಗೆದು ನೋಡುತ್ತೇನೆ. ಇದನ್ನು ಬರೆಯಲು ಕೂತಾಗಲೂ ಸಂಜೆ ಬೆಳಕಿನಲ್ಲಿ ಹಿಡಿದು ನೋಡಿದೆ. ನನ್ನ ಹೆಬ್ಬೆರಳಿನ ಗುರುತು ಈಗ ಹಳದಿಯಾಗಿದೆ. ಅದರ ಪಕ್ಕದಲ್ಲಿ ಕೋಳಿ ಎಂದಿದೆ.