ಅಜ್ಮಾನಿನ ಸ್ಟಾಂಪಿನಲ್ಲಿ ಜರ್ಮನಿಯ ಚಾನ್ಸಲರ್

ಸ್ಟಾಂಪ್ ನೀರಿಗೆ ಹಾಕಿದ್ದೇ ತಡ, ಬಟ್ಟಲಿನ ನೀರೆಲ್ಲ ಅಂಟಂಟು!

ಅಂಚೆ ಮುದ್ರೆ ಬಿದ್ದ ಹಳೇ ಸ್ಟಾಂಪಿನ ಬೆನ್ನಲ್ಲಿ ಇಷ್ಟೊಂದು ಗೋಂದು ಎಲ್ಲಿಂದ ಬಂತು? ಕಾಗದಕ್ಕೆ ಅಂಟಿಸಿದ ಮೇಲೆ ತಾನೇ ಮುದ್ರೆ ಬೀಳೋದು?

ನಮ್ಮ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಹಾನ್ಸ್ ಸರ್ ರಿಟೈರ್ ಆಗಿ ಜರ್ಮನಿಗೆ ವಾಪಸ್ ಹೊರಟಿದ್ದರು. ವಿಸಿಟ್ ವೀಸಾದಲ್ಲಿ ಬಂದ ಅಮ್ಮ ಇಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಮತ್ತೆ ನಡೆಯುವ ಹಾಗೆ ಮಾಡಿದವರು ಅವರೇ. ಅಂಥವರಿಗೆ ಖರ್ಜೂರದ ಡಬ್ಬ ಕೊಟ್ಟು ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ.

ಇಲ್ಲಿ ಗಲ್ಫಿನ ನಮ್ಮೂರಿನ ಹಮ್ದಾನ್ ಸ್ಟ್ರೀಟಿನ ಹಿಂದೆ ಹಳೇ ನಾಣ್ಯ, ಸ್ಟಾಂಪ್ ಮಾರುವ ಭಟ್ಕಳದ ಭಾಯಿಯೊಬ್ಬರ ಅಂಗಡಿಯಲ್ಲಿ ಅವರಿಗೆ ಕೊಡೋಕೆ ಈ ಸ್ಟಾಂಪ್ ಸಿಕ್ಕಿತ್ತು. ಮೇಲೆ ಅಜ್ಮಾನ್ ಅಂತ ಇಲ್ಲೇ ಪಕ್ಕದ ಪುಟ್ಟ ಅರಬ್ ಸಂಸ್ಥಾನದ ಹೆಸರು. ಒಳಗೆ, ಯುದ್ಧ ಮುಗಿದ ಮೇಲೆ ಜರ್ಮನಿಯನ್ನು ಎತ್ತಿ ನಿಲ್ಲಿಸಿದ ಚಾನ್ಸಲರ್ ಮುಖ. ಅಜ್ಮಾನಿಗೂ ಅವರಿಗೂ ಎಲ್ಲಿಂದೆಲ್ಲಿಯ ಸಂಬಂಧ ಮಾರಾಯ್ರೆ!

ಫ್ರೇಮ್ ಹಾಕಿಸುವ ಮೊದಲು ಕ್ಲೀನ್ ಮಾಡೋಣ ಅಂತ ನೀರಿಗೆ ಹಾಕಿದ್ದೆ. ಚಿಕ್ಕಂದಿನಲ್ಲಿ ಕುಂದಾಪುರದಲ್ಲಿ ನಾವೆಲ್ಲ ಲಕೋಟೆ ತುಂಡನ್ನು ನೆನೆಸಿಯೇ ಸ್ಟಾಂಪ್ ಬಿಡಿಸುತ್ತಿದ್ದೆವಲ್ಲ... ಅದೇ ಅಭ್ಯಾಸ.

ತಲೆಯಲ್ಲಿ ಹುಳ ಹೊಕ್ಕಿತು. ಸಂಜೆ ಭಾಯಿ ಹತ್ತಿರ ಓಡಿದೆ.

"ನೀರಿಗೆ ಹಾಕಿದ್ರಾ? ಖಲಾಸ್! ಗೋಂದು ಹೋದ್ರೆ ಸ್ಟಾಂಪ್ ಕಲೆಕ್ಟರ್‌ಗಳು ಮೂಸಿಯೂ ನೋಡುದಿಲ್ಲ ಅಕ್ಕಾ," ಅಂತ ನಕ್ಕರು.

ಆಮೇಲೆ ಗುಟ್ಟು ಬಿಟ್ಟುಕೊಟ್ಟರು. ಅರವತ್ತು-ಎಪ್ಪತ್ತರ ದಶಕದಲ್ಲಿ ಇಂಥವನ್ನು ಹೊರದೇಶದವರ ಆಲ್ಬಮ್ಮಿಗೆಂದೇ ಅಚ್ಚು ಹಾಕಿಸುತ್ತಿದ್ದರಂತೆ. ಅಂಚೆ ಮುದ್ರೆಯೂ ಮಾರುವ ಮೊದಲೇ ಹಾಳೆಗಟ್ಟಲೆ ಬೀಳುತ್ತಿತ್ತಂತೆ. ಒಂದು ಕಾಗದದ ಮೇಲೂ ಕೂರದ ಸ್ಟಾಂಪು, ಅಜ್ಮಾನನ್ನೂ ನೋಡಿರಲಿಕ್ಕಿಲ್ಲ!

ಕೇಳಿ ಮಜಾ ಅನಿಸಿತು. ಆದರೆ ಮರುದಿನವೇ ಸೆಂಡ್‌ಆಫ್, ಕೈಯಲ್ಲಿ ಇದ್ದದ್ದು ಅದೊಂದೇ ಗಿಫ್ಟು.

ಕೊಡುವಾಗಲೇ ಹೇಳಿಬಿಟ್ಟೆ. ಸಾರಿ ಸರ್, ನಾನು ತೊಳೆದು ಹಾಳು ಮಾಡಿದೆ.

ಸರ್ ಸ್ಟಾಂಪನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

ಆಮೇಲೆ ಜೋರು ನಗು! ಚಿಕ್ಕವರಿದ್ದಾಗ ಅವರ ಹತ್ತಿರವೂ ಇದೇ ಸ್ಟಾಂಪ್ ಇತ್ತಂತೆ. ಅದರ ಗೋಂದನ್ನು ಅಮ್ಮನ ಸೂಪ್ ತಟ್ಟೆಯಲ್ಲಿ ಅವರೇ ತೊಳೆದಿದ್ದರಂತೆ, ಅದೂ ಬೇಕಂತಲೇ. ಗೋಂದು ಉಳಿದರೆ ಕಾಗದಕ್ಕೆ ಅಂಟಿಸಿಯೇ ಇಲ್ಲ ಅಂತ ಗೊತ್ತಾಗುತ್ತದಲ್ಲ. ಮರಳುಗಾಡಿನಿಂದ ಯಾರೋ ತನಗೆ ಕಾಗದ ಬರೆದಿದ್ದಾರೆ ಅಂತ ಕ್ಲಾಸಿನವರನ್ನು ನಂಬಿಸೋಕೆ!

"ಯಾರೂ ಬರೆಯಲೇ ಇಲ್ಲ. ಕೊನೆಗೆ ನಾನೇ ಬಂದೆ," ಅಂದರು. ಕಣ್ಣು ಒದ್ದೆಯಾಗಿತ್ತು. ನನ್ನದೂ.

ಇದನ್ನು ಓದುತ್ತಿರುವ ಇಲ್ಲಿಯ ಕನ್ನಡಿಗರೇ, ಈ ಊರಿಗೆ ನಿಮ್ಮನ್ನು ಮೊದಲು ಎಳೆದದ್ದು ಏನು... ನಿಜ ಹೇಳಿ, ಬರೀ ಸಂಬಳವೇ?